ಕೈಕಾಳಗದ ವಿದ್ಯೆಗಳೂ ಆತ್ಮರಕ್ಷಣೆಯೂ

ದ್ವಂದ್ವಯುದ್ಧದ ವಿದ್ಯೆಗಳಲ್ಲಿ ಯಾವುದು ಮೇಲೆಂಬ ಚರ್ಚೆ ಬಹು ಹಳೆಯದು. ನಮ್ಮ ಊರುಗಳ ಗರಡಿಮನೆಗಳಲ್ಲಿ ಉಸ್ತಾದರು ತಂತಮ್ಮ ವರಸೆಗಳನ್ನು ಹೊಗಳಿಕೊಳ್ಳುವುದನ್ನು ಕೇಳದವರು ವಿರಳ. ಕುಸ್ತಿಯವನು ಮುಷ್ಟಿಯುದ್ಧದವನನ್ನು ಹಳಿಯುತ್ತಾನೆ. ಮುಷ್ಟಿಯುದ್ಧದವನು ಜಪಾನಿನ ಪಟ್ಟುಗಳನ್ನು ಕಂಡು ನಗುತ್ತಾನೆ. ದೊಣ್ಣೆವರಸೆಯವನು ಇಬ್ಬರನ್ನೂ ಲಕ್ಷಿಸುವುದಿಲ್ಲ. ಈ ವಿವಾದದಲ್ಲಿ ಮರೆತುಹೋಗುವ ಸಂಗತಿಯೊಂದುಂಟು. ಅಖಾಡದಲ್ಲಿ ಎದುರಾಳಿ ಒಬ್ಬನೇ; ಅವನು ಬರುವ ಹೊತ್ತು ಗೊತ್ತು, ದಿಕ್ಕು ಗೊತ್ತು; ಅವನ ಕೈಯಲ್ಲಿ ಆಯುಧವಿಲ್ಲ; ಸಾಕೆಂದರೆ ಬಿಡಿಸುವುದಕ್ಕೆ ಮಧ್ಯಸ್ಥನೊಬ್ಬನಿದ್ದಾನೆ. ಕತ್ತಲೆಯ ಓಣಿಯಲ್ಲಿ ಹಿಂದಿನಿಂದ ಬಂದು ಕುತ್ತಿಗೆಗೆ ಕೈಹಾಕಿದವನ ಮುಂದೆ ಇವುಗಳಲ್ಲಿ ಒಂದೂ ಇಲ್ಲ. ಅಲ್ಲಿ ಗೆಲುವೆಂದರೆ ಪ್ರಾಣಮಾನಗಳೊಡನೆ ಮನೆಗೆ ಹಿಂದಿರುಗುವುದು.

ಹಾಗೆಂದು ನಿಯಮಗಳನ್ನು ಹಳಿದು ಪ್ರಯೋಜನವಿಲ್ಲ. ಅಭ್ಯಾಸ ಮಾಡುವವರು ದಿನವೂ ಒಬ್ಬರ ಕಣ್ಣನ್ನು ಒಬ್ಬರು ಕಿತ್ತುಕೊಂಡರೆ ಮರುದಿನ ಗರಡಿಗೆ ಬರುವವರಾರು? ಎಲ್ಲ ವಿದ್ಯೆಯೂ ಯಾವುದೋ ಒಂದನ್ನು ನಿಷೇಧಿಸಿಯೇ ಬೆಳೆಯತಕ್ಕದ್ದು. ನಿಷೇಧಿಸಿದ್ದು ಕ್ರಮೇಣ ಕಣ್ಣಿಗೂ ಕೈಗೂ ಮರೆತುಹೋಗುತ್ತದೆ. ರನ್ನನು ಕಾವ್ಯವಸ್ತುವಾಗಿ ಆರಿಸಿಕೊಂಡ ಗದಾಯುದ್ಧದ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬಹುದು. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದೆಯ ಕಟ್ಟಳೆ. ಬಲರಾಮನ ಶಿಷ್ಯನಾದ ದುರ್ಯೋಧನನು ಕೌಶಲದಲ್ಲಿ ಭೀಮನಿಗಿಂತ ಮಿಗಿಲು. ಆದರೆ ಕಟ್ಟಳೆಯೇ ಕಾಯುತ್ತಿದ್ದ ತೊಡೆಯನ್ನು ತಾನೂ ಕಾಯಬೇಕೆಂಬುದು ಅವನಿಗೆ ಅಭ್ಯಾಸವಾಗಿರಲಿಲ್ಲವೆಂದೇ ನಮಗೆ ತೋರುತ್ತದೆ. ಬಲರಾಮನ ಕೋಪ ನ್ಯಾಯವಾದದ್ದು. ಆ ಕೋಪದಿಂದ ಮುರಿದ ತೊಡೆ ಕೂಡಿಕೊಳ್ಳಲಿಲ್ಲ.

ಕನ್ನಡ ನಾಡಿಗೆ ಈ ವಿಚಾರ ಹೊಸದಲ್ಲ. ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಒಂದುಂಟು. ಮಲ್ಲರನ್ನು ಬಲಕ್ಕೂ ವಯಸ್ಸಿಗೂ ತಕ್ಕಂತೆ ವರ್ಗಗಳಾಗಿ ವಿಂಗಡಿಸುವುದು, ಅವರಿಗೆ ಕೊಡತಕ್ಕ ಆಹಾರ, ಭಾರವೆತ್ತುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಮೇಲಿನ ಶ್ರಮ, ಇವೆಲ್ಲವನ್ನೂ ಅರಸನು ವಿವರಿಸಿದ್ದಾನೆ. ಪ್ರಕರಣದ ಹೆಸರನ್ನು ವಾಚಕರು ಗಮನಿಸಬೇಕು: ಅದು ವಿನೋದ. ಅರಸನ ಮುಂದೆ, ಸಭೆಯ ಮುಂದೆ ನಡೆಯತಕ್ಕದ್ದು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವು ಇದಕ್ಕಿಂತ ಕಠೋರವಾದದ್ದು. ತಲೆ ಬೋಳಿಸಿಕೊಂಡ ಮಲ್ಲರು ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಹೋರಾಡುತ್ತಾರೆ. ಆಯುಧವೂ ನಿಜ, ಗಾಯವೂ ನಿಜ. ಆದರೆ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಓಣಿಯ ಕಾಳಗ ಎಷ್ಟೋ ಸಲ ಆ ರಕ್ತದ ಹನಿಯಿಂದಲೇ ಮೊದಲಾಗುತ್ತದೆ.

ಹಾಗಾದರೆ ಯಾವ ವಿದ್ಯೆ ಆಪತ್ತಿನಲ್ಲಿ ಒದಗುತ್ತದೆ? ಇದನ್ನು ತರ್ಕದಿಂದ ತೀರ್ಮಾನಿಸಹೊರಟವರು ಬಹುಮಂದಿ. ಆದರೆ 1882ನೆಯ ಇಸವಿಯಿಂದ 1942ರ ವರೆಗಿನ ಅರುವತ್ತು ವರ್ಷಗಳಲ್ಲಿ ಟೋಕಿಯೋ, ಲಂಡನ್, ಶಾಂಘೈ ಎಂಬ ಮೂರು ನಗರಗಳಲ್ಲಿ ಈ ಪ್ರಶ್ನೆ ತರ್ಕವನ್ನು ಬಿಟ್ಟು ಮೈಮೇಲೆಯೇ ಪರೀಕ್ಷೆಗೆ ಬಂದಿತು. ಆ ವೃತ್ತಾಂತವನ್ನು ಇಲ್ಲಿ ಹೇಳುತ್ತೇವೆ.

ಕಾನೋ ಜಿಗೊರೋ ಎಂಬಾತನು 1860ರಲ್ಲಿ ಜಪಾನಿನ ಕೋಬೆಯ ಸಮೀಪದ ಮಿಕಾಗೆ ಎಂಬ ಊರಿನಲ್ಲಿ ಹುಟ್ಟಿದನು. ಮೈಯಲ್ಲಿ ಕುಳ್ಳು, ಸ್ವಭಾವದಲ್ಲಿ ಹಟವಾದಿ, ಓದಿನಲ್ಲಿ ಮುಂದು. ಟೋಕಿಯೋವಿನ ವಿದ್ಯಾರ್ಥಿನಿಲಯದಲ್ಲಿ ದೊಡ್ಡ ಹುಡುಗರು ಅವನನ್ನು ಹೊಡೆದು ಪೀಡಿಸುತ್ತಿದ್ದರು. ದುರ್ಬಲನೂ ಬಲಿಷ್ಠನನ್ನು ಕೆಡಹಬಲ್ಲನೆಂದು ಹೆಸರಾಗಿದ್ದ ಜುಜುತ್ಸುವನ್ನು ಕಲಿಯಬೇಕೆಂಬ ಆಸೆ ಅವನಲ್ಲಿ ಹುಟ್ಟಿದ್ದು ಇದರಿಂದಲೇ. ಆದರೆ ಕಲಿಸುವವರು ಸಿಕ್ಕುವುದೇ ಕಷ್ಟವಾಗಿತ್ತು. 1868ರಲ್ಲಿ ಮೇಯ್ಜಿ ಅರಸನ ಆಳ್ವಿಕೆ ಸ್ಥಾಪಿತವಾದ ಮೇಲೆ ಪಾಳೆಯಗಾರಿಕೆಯ ಕಾಲ ಮುಗಿದಿತ್ತು. 1876ರಲ್ಲಿ ಸಮುರಾಯಿಗಳು ಖಡ್ಗ ಧರಿಸಿ ತಿರುಗುವುದನ್ನೂ ಸರ್ಕಾರ ನಿಷೇಧಿಸಿತು. ಹಳೆಯ ವಿದ್ಯೆಗಳ ಆಚಾರ್ಯರು ಹೊಟ್ಟೆಪಾಡಿಗೆ ಬೇರೆ ಕಸುಬುಗಳನ್ನು ಹಿಡಿದಿದ್ದರು.

ಕೊನೆಗೆ 1877ರಲ್ಲಿ ಕಾನೋ ತೆನ್‌ಜಿನ್ ಶಿನ್‌ಯೋ ಎಂಬ ಸಂಪ್ರದಾಯದ ಫುಕುದಾ ಹಾಚಿನೊಸುಕೆಯ ಬಳಿ ಶಿಷ್ಯನಾದನು. ಆ ಗರಡಿಯಲ್ಲಿ ಫುಕುಶಿಮಾ ಎಂಬ ಭಾರಿ ಆಳೊಬ್ಬನಿದ್ದನು. ಗುರು ಕಲಿಸಿದ ಯಾವ ಪಟ್ಟಿಗೂ ಅವನು ಜಗ್ಗಲಿಲ್ಲ. ಕಾನೋ ಸುಮೋ ಮಲ್ಲರ ವರಸೆಗಳನ್ನು ಪರೀಕ್ಷಿಸಿದನು, ಪ್ರಯೋಜನವಾಗಲಿಲ್ಲ. ಆಮೇಲೆ ಪುಸ್ತಕಾಲಯಕ್ಕೆ ಹೋಗಿ ಪಾಶ್ಚಾತ್ಯರ ಮಲ್ಲವಿದ್ಯೆಯ ಪುಸ್ತಕಗಳನ್ನು ತೆಗೆದು, ಎದುರಾಳಿಯನ್ನು ಹೆಗಲಮೇಲೆ ಅಡ್ಡಲಾಗಿ ಎತ್ತಿ ಉರುಳಿಸುವ ಪಟ್ಟೊಂದನ್ನು ಕಂಡು, ಸ್ನೇಹಿತರ ಮೇಲೆ ಅಭ್ಯಾಸ ಮಾಡಿ, ಫುಕುಶಿಮಾನನ್ನು ಎತ್ತಿ ಒಗೆದನು. ಗುರುಪರಂಪರೆಯ ಭಕ್ತಿ ಬಲವಾಗಿದ್ದ ದೇಶದಲ್ಲಿ ಹದಿನೆಂಟರ ಆಸುಪಾಸಿನ ಹುಡುಗನೊಬ್ಬನು, ಗುರು ಹೇಳಿದ್ದು ನಡೆಯದಿದ್ದಾಗ ಪರದೇಶದ ಪುಸ್ತಕವನ್ನು ಬಿಚ್ಚಿ ನೋಡಿದನೆಂಬುದು ಸಣ್ಣ ಮಾತಲ್ಲ.

ಅನಂತರ ಕಿತೋ ಸಂಪ್ರದಾಯದ ಈಕುಬೊ ತ್ಸುನೆತೋಶಿಯಿಂದ ಕೆಡಹುವ ಕಲೆಯನ್ನು ಕಲಿತು, 1882ರಲ್ಲಿ ಎಯಿಶೋಜಿ ಎಂಬ ಬೌದ್ಧ ದೇವಾಲಯದ ಆವರಣದಲ್ಲಿ ಹನ್ನೆರಡು ಚಾಪೆಗಳ ಒಂದು ಕೊಠಡಿಯಲ್ಲಿ ತನ್ನ ಶಾಲೆಯನ್ನು ತೆರೆದನು. ಅದೇ ಕೊಡೋಕಾನ್, ಅಲ್ಲಿ ಕಲಿಸಿದ ವಿದ್ಯೆಗೆ ಜೂಡೋ ಎಂದು ಹೆಸರಿಟ್ಟನು. ಮೊದಲ ಶಿಷ್ಯರು ಒಂಬತ್ತು ಮಂದಿ.

ಇಲ್ಲಿ ಕಾನೋ ಮಾಡಿದ ಕೆಲಸ ಮೇಲುನೋಟಕ್ಕೆ ವಿಪರೀತವಾಗಿ ಕಾಣುತ್ತದೆ. ಹಳೆಯ ಜುಜುತ್ಸು ಸಂಪ್ರದಾಯಗಳಲ್ಲಿ ಕಣ್ಣು ಚುಚ್ಚುವ, ಬೆರಳು ಮುರಿಯುವ, ಮರ್ಮಕ್ಕೆ ಹೊಡೆಯುವ ಘೋರವಾದ ಪ್ರಯೋಗಗಳು ಬಹಳವಿದ್ದುವು. ಅವುಗಳನ್ನು ನಿಜವಾಗಿ ಪ್ರಯೋಗಿಸಿದರೆ ಜೊತೆಗಾರನು ಕುರುಡನಾಗುತ್ತಾನೆ. ಆದುದರಿಂದ ಗೊತ್ತುಮಾಡಿಕೊಂಡ ಹೆಜ್ಜೆಗಳಲ್ಲಿ, ಒಬ್ಬನು ಹೊಡೆಯುವಂತೆ ನಟಿಸಿ ಇನ್ನೊಬ್ಬನು ಬೀಳುವಂತೆ ನಟಿಸಿ, ನಾಟ್ಯದಂತೆ ಅಭ್ಯಾಸ ಮಾಡುತ್ತಿದ್ದರು. ಸ್ವತಂತ್ರವಾಗಿ ಹೆಣಗುವ ಪದ್ಧತಿ ಕೆಲವು ಸಂಪ್ರದಾಯಗಳಲ್ಲಿ ಇದ್ದಿತಾದರೂ ಕಾನೋ ಅದನ್ನೇ ಶಿಕ್ಷಣದ ಬೆನ್ನೆಲುಬನ್ನಾಗಿ ಮಾಡಿದನು. ಅಪಾಯಕರವಾದ ಪೆಟ್ಟುಗಳನ್ನು ಗೊತ್ತಾದ ಹೆಜ್ಜೆಗಳ ಅಭ್ಯಾಸಕ್ಕೆ ಬಿಟ್ಟು, ಉಳಿದ ಪಟ್ಟುಗಳನ್ನು ಸೋಲಲು ಒಪ್ಪದ ಎದುರಾಳಿಯ ಮೇಲೆ ಪೂರ್ಣಬಲದಿಂದ ನಡೆಸುವಂತೆ ಮಾಡಿದನು. ಇದಕ್ಕಾಗಿ ಮೊದಲು ಬೀಳುವುದನ್ನು ಕಲಿಸಿದನು. ತೋಳಿನಿಂದ ನೆಲವನ್ನು ಬಡಿದು, ಗಲ್ಲವನ್ನು ಎದೆಗೊತ್ತಿಕೊಂಡು ಬೀಳಬಲ್ಲವನನ್ನು ದಿನಕ್ಕೆ ನೂರು ಸಲ ಎತ್ತಿಹಾಕಿದರೂ ಕೇಡಿಲ್ಲ. (ಜೂಡೋ ಕಲಿತ ಮುದುಕರಿಗೆ ಮೆಟ್ಟಲಿನಲ್ಲಿ ಜಾರಿದಾಗ ಈ ಬೀಳುವ ವಿದ್ಯೆಯೇ ಒದಗುವುದುಂಟು, ಜೀವಮಾನದಲ್ಲಿ ಕಳ್ಳನು ಎದುರಾಗದಿದ್ದರೂ ಜಾರುವ ಮೆಟ್ಟಲು ತಪ್ಪದು.)

ತತ್ತ್ವವನ್ನು ಕಾನೋ ಒಂದು ಸರಳವಾದ ಲೆಕ್ಕದಿಂದ ವಿವರಿಸುತ್ತಿದ್ದನು. ಎದುರಾಳಿಯ ಬಲ ಹತ್ತು, ನನ್ನದು ಏಳು ಎಂದಿಟ್ಟುಕೊಳ್ಳೋಣ. ಅವನು ನೂಕಿದಾಗ ನಾನು ಎದುರು ನೂಕಿದರೆ ಸೋಲುವುದು ನಿಶ್ಚಯ. ನಾನು ಅಷ್ಟೇ ಹಿಂದೆ ಸರಿದರೆ ಅವನು ಮುಂದಕ್ಕೆ ಮುಗ್ಗರಿಸಿ ತೂಕ ತಪ್ಪುತ್ತಾನೆ. ಆ ಕ್ಷಣದಲ್ಲಿ ಅವನ ಬಲ ಮೂರಕ್ಕೆ ಇಳಿಯುತ್ತದೆ, ನನ್ನ ಏಳು ಏಳಾಗಿಯೇ ಉಳಿಯುತ್ತದೆ. ಲೆಕ್ಕ ಸುಲಭ. ಆ ಕ್ಷಣವನ್ನು ಹಿಡಿಯುವುದು ಕಷ್ಟ. ನಿಜವಾಗಿ ನೂಕುವವನ ಎದುರಿನಲ್ಲಿ ಸಾವಿರ ಸಲ ತಪ್ಪಿದ ಮೇಲಲ್ಲದೆ ಅದು ಕೈವಶವಾಗುವುದಿಲ್ಲ.

1880ರ ದಶಕದ ಉತ್ತರಾರ್ಧದಲ್ಲಿ ಟೋಕಿಯೋವಿನ ಪೋಲೀಸು ಇಲಾಖೆಯ ಆಶ್ರಯದಲ್ಲಿ ಕೊಡೋಕಾನಿನ ಶಿಷ್ಯರಿಗೂ ತೋತ್ಸುಕಾ ಪರಂಪರೆಯ ಜುಜುತ್ಸುಗಾರರಿಗೂ ಪಂದ್ಯಗಳು ನಡೆದುವು. ಎದುರು ಪಕ್ಷದವರು ಹೆಸರಾಂತವರು. ಕಾನೋವಿನ ಶಿಷ್ಯರು ಹುಡುಗರು. ಆದರೂ ಹೆಚ್ಚಿನ ಪಂದ್ಯಗಳನ್ನು ಹುಡುಗರೇ ಗೆದ್ದರು. ಕಡಮೆ ಘೋರವಾದ ವಿದ್ಯೆ ಹೆಚ್ಚು ಘೋರವಾದ ವಿದ್ಯೆಯನ್ನು ಗೆದ್ದಿತೆಂದು ಹೇಳಬಹುದು. ಪಂದ್ಯದಲ್ಲಿಯೂ ಕಣ್ಣು ಚುಚ್ಚುವುದಕ್ಕೆ ಎಡೆಯಿರಲಿಲ್ಲವಲ್ಲ ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಹೆಣಗಾಟದಲ್ಲಿ ಎದುರಾಳಿಯ ತಲೆಯನ್ನು ಒಂದು ಕ್ಷಣ ನಿಲ್ಲಿಸಲಾರದವನು ಅವನ ಕಣ್ಣನ್ನು ಮುಟ್ಟುವುದಾದರೂ ಹೇಗೆ? ಕೊಡೋಕಾನಿನವರಿಗೂ ಅವರ ಪಾಠ ಸಿಕ್ಕಿತು. ನಿಂತು ಕೆಡಹುವುದರಲ್ಲಿ ಪ್ರವೀಣರಾದ ಇವರಲ್ಲಿ ಕೆಲವರನ್ನು ಫುಸೆನ್ ಸಂಪ್ರದಾಯದ ತಾನಬೆ ಮತಾಯೆಮೊನ್ ಎಂಬಾತನು ನೆಲಕ್ಕೆಳೆದು ಹಿಡಿದು ಸೋಲಿಸಿದನು. ನೆಲದ ಹೋರಾಟ ಆಮೇಲೆ ಜೂಡೋವಿನಲ್ಲಿ ಬಲವಾಗಿ ಬೆಳೆಯಿತು.

ಕಾನೋ ಹುಟ್ಟಿದ ವರ್ಷದಲ್ಲಿಯೇ, 1860ರ ನವೆಂಬರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಕೂಸು ಹುಟ್ಟಿತು. ಎಡ್ವರ್ಡ್ ವಿಲಿಯಂ ಬಾರ್ಟನ್-ರೈಟ್ ಎಂಬ ಈತನು ಮದ್ರಾಸು ರೈಲ್ವೆಯ ಇಂಜಿನಿಯರನೊಬ್ಬನ ಮಗ. ತಾನೂ ಇಂಜಿನಿಯರನಾಗಿ ದೇಶದೇಶಗಳನ್ನು ಸುತ್ತಿ, 1890ರ ದಶಕದಲ್ಲಿ ಸುಮಾರು ಮೂರು ವರ್ಷ ಜಪಾನಿನಲ್ಲಿದ್ದು, ಕೋಬೆಯಲ್ಲಿ ಜುಜುತ್ಸುವನ್ನು ಕಲಿತನು. 1898ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದಾಗ ಲಂಡನ್ನಿನ ಪತ್ರಿಕೆಗಳು ಬೀದಿಪುಂಡರ ಸುದ್ದಿಯಿಂದ ತುಂಬಿದ್ದುವು. ಹೂಲಿಗನ್ ಎಂಬ ಪದವು ಪತ್ರಿಕೆಗಳಲ್ಲಿ ಬಳಕೆಗೆ ಬಂದುದು ಅದೇ ಬೇಸಗೆಯಲ್ಲಿ. ಸಭ್ಯ ಗೃಹಸ್ಥರು ಸಂಜೆ ಹೊರಗೆ ಹೋಗುವುದಕ್ಕೆ ಅಂಜುತ್ತಿದ್ದರು. ಬಾರ್ಟನ್-ರೈಟನು ತನ್ನ ಹೆಸರನ್ನೂ ಜುಜುತ್ಸುವನ್ನೂ ಬೆಸೆದು ಬಾರ್ಟಿಟ್ಸು ಎಂಬ ಹೊಸ ವಿದ್ಯೆಯನ್ನು ಸಾರಿದನು. 1899ರಲ್ಲಿ ಪಿಯರ್‌ಸನ್ಸ್ ಮ್ಯಾಗಝೀನಿನಲ್ಲಿ ಚಿತ್ರಗಳೊಡನೆ ಲೇಖನಗಳನ್ನು ಬರೆದನು.

ಅವನ ಕಲ್ಪನೆ ನಿಜವಾಗಿಯೂ ಹೊಸದು. ಯಾವ ವಿದ್ಯೆ ಮೇಲೆಂದು ಕೇಳುವುದಕ್ಕೆ ಬದಲಾಗಿ, ಎಷ್ಟು ದೂರದಲ್ಲಿ ಯಾವ ವಿದ್ಯೆ ಮೇಲೆಂದು ಅವನು ಕೇಳಿದನು. ಶತ್ರು ದೂರದಲ್ಲಿದ್ದಾಗ ಊರುಗೋಲು; ಸಮೀಪಿಸಿದಾಗ ಕಾಲಿನ ಒದೆ ಮತ್ತು ಮುಷ್ಟಿ; ಮೈಗೆ ಮೈ ತಾಕಿದಾಗ ಜುಜುತ್ಸು. ಇಂಗ್ಲಿಷರು ತಮ್ಮ ಮುಷ್ಟಿಯುದ್ಧದ ಬಗೆಗೆ ಬಹಳ ಅಭಿಮಾನಿಗಳು. ಆದರೆ 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸನ್ನು ವಿಧಿಸಿದ್ದುವು. ಕೈಗವಸು ತೊಟ್ಟು ಅಭ್ಯಾಸ ಮಾಡಿದವನು ಬರಿಗೈಯಿಂದ ತಲೆಬುರುಡೆಗೆ ಗುದ್ದಿದರೆ ಮುರಿಯುವುದು ಅನೇಕ ವೇಳೆ ಅವನ ಬೆರಳಿನ ಎಲುಬೇ. ಇಷ್ಟಾದರೂ ಮುಷ್ಟಿಯುದ್ಧದವರ ಒಂದು ಗುಣ ಇತರರಿಗೆ ದುರ್ಲಭ: ಅವರು ದಿನವೂ ನಿಜವಾದ ಪೆಟ್ಟನ್ನು ತಿನ್ನುತ್ತಾರೆ, ಮೊದಲ ಏಟಿಗೆ ಕಣ್ಣುಮುಚ್ಚಿ ಬೆರಗಾಗುವುದಿಲ್ಲ.

ಲಂಡನ್ನಿನ ಷಾಫ್ಟ್ಸ್‌ಬರಿ ಅವೆನ್ಯೂವಿನಲ್ಲಿ ಬಾರ್ಟನ್-ರೈಟನು ಸ್ಥಾಪಿಸಿದ ಕ್ಲಬ್ಬಿನಲ್ಲಿ ಸ್ವಿಟ್ಜರ್ಲೆಂಡಿನ ಪಿಯೇರ್ ವಿನ್ಯೀ ಕೋಲನ್ನೂ, ಅದೇ ದೇಶದ ಆರ್ಮಾನ್ ಶೆರ್ಪಿಯೋ ಕುಸ್ತಿಯನ್ನೂ, ಜಪಾನಿನಿಂದ ಕರೆತಂದ ಯುಕಿಯೋ ತಾನಿ ಮತ್ತು ಸದಕಾಝು ಉಯೆನಿಶಿ ಎಂಬ ತರುಣರು ಜುಜುತ್ಸುವನ್ನೂ ಕಲಿಸುತ್ತಿದ್ದರು. ಪೂರ್ವಪಶ್ಚಿಮಗಳ ವಿದ್ಯೆಗಳು ಒಂದೇ ಸೂರಿನಡಿಯಲ್ಲಿ ಒಂದನ್ನೊಂದು ಪರೀಕ್ಷಿಸಿದ ಇಂತಹ ಸ್ಥಳ ಯೂರೋಪಿನಲ್ಲಿ ಅದುವರೆಗೆ ಇದ್ದಂತೆ ಕಾಣುವುದಿಲ್ಲ. ಆದರೆ ಕ್ಲಬ್ಬು 1902ರಲ್ಲಿ ಮುಚ್ಚಿಹೋಯಿತು. ಮರುವರ್ಷ ಕಾನನ್ ಡಾಯ್ಲನು ಷೆರ್ಲಾಕ್ ಹೋಮ್ಸನನ್ನು ಜಲಪಾತದ ಪ್ರಪಾತದಿಂದ ಬದುಕಿಸಿ ತರಬೇಕಾದಾಗ ಈ ವಿದ್ಯೆಯ ಹೆಸರನ್ನೇ, ಒಂದು ಅಕ್ಷರ ಬಿಟ್ಟು, ಉಪಯೋಗಿಸಿಕೊಂಡನು. ಕಲ್ಪಿತ ಪತ್ತೇದಾರನು ಬದುಕಿದನು. ವಿದ್ಯೆ ಮಾತ್ರ ಬದುಕಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಆ ಮನುಷ್ಯನು ಆಮೇಲೆ ಅಂಗಚಿಕಿತ್ಸೆಯಿಂದ ಜೀವನ ನಡೆಸಿ 1951ರಲ್ಲಿ ಬಡತನದಲ್ಲಿ ತೀರಿಕೊಂಡನು.

ತಾನಿಯಾದರೋ ನಾಟಕಶಾಲೆಗಳ ರಂಗವನ್ನೇರಿ, ತನ್ನೆದುರು ಇಷ್ಟು ನಿಮಿಷ ನಿಂತವರಿಗೆ ಇಷ್ಟು ಹಣವೆಂದು ಪಂಥ ಹಾಕಿದನು. ತನಗಿಂತ ಭಾರಿ ಮಲ್ಲರನ್ನೂ ಮುಷ್ಟಿಯುದ್ಧದವರನ್ನೂ ಊರೂರಿನಲ್ಲಿ ಸೋಲಿಸಿದನು. ಜನ ಜುಜುತ್ಸುವಿಗೆ ಮಾರುಹೋದರು. ಆದರೆ ಪಂಥದ ಕರಾರಿನಲ್ಲಿ ಒಂದು ಸಣ್ಣ ವಾಕ್ಯವಿತ್ತು: ಎದುರಾಳಿ ಜಪಾನೀ ಅಂಗಿಯನ್ನು ತೊಡತಕ್ಕದ್ದು. ಅಂಗಿಯ ಕೊರಳಪಟ್ಟಿಯೇ ತಾನಿಗೆ ಹಿಡಿಯುವ ಹಿಡಿ, ಕತ್ತು ಅಮುಕುವ ಹಗ್ಗ. ಬರಿಮೈಯಲ್ಲಿ ಹೆಣಗಿ ಅಭ್ಯಾಸವಾದ ಇಂಗ್ಲಿಷ್ ಮಲ್ಲನು ಅಂಗಿ ತೊಟ್ಟ ಕೂಡಲೇ ಅರ್ಧ ಸೋತಿದ್ದನು. ಕೋಟು ತೊಟ್ಟು ತಿರುಗುವ ಲಂಡನ್ನಿನಲ್ಲಿ ಇದು ಓಣಿಗೂ ಒಪ್ಪುವ ಕರಾರು; ಉತ್ತರೀಯ ಹೊದೆದು ತಿರುಗುವ ನಾಡಿನಲ್ಲಿ ಹಿಡಿಗೆ ಸಿಕ್ಕುವುದು ಉತ್ತರೀಯ ಮಾತ್ರ.

ನಿಯಮವು ಕೈಯನ್ನು ತಿದ್ದುವ ಬಗೆಗೆ ಇನ್ನೊಂದು ದೃಷ್ಟಾಂತ ಅದೇ ನಗರದಲ್ಲಿ ಸಿಕ್ಕುತ್ತದೆ. 1910ನೆಯ ಸೆಪ್ಟೆಂಬರ್ 10ರಂದು ನಮ್ಮ ಗಾಮಾ ಪೈಲವಾನನು ಪೋಲೆಂಡಿನ ಸ್ಬಿಷ್ಕೋ ಎಂಬ ಮಹಾಮಲ್ಲನೊಡನೆ ಹೋರಾಡಿದನು. ಬೆನ್ನು ನೆಲಕ್ಕೆ ತಾಕಿದರೆ ಸೋಲಾದ್ದರಿಂದ ಸ್ಬಿಷ್ಕೋ ನೆಲಕ್ಕೆ ಬೋರಲಾಗಿ ಅಂಟಿಕೊಂಡನು. ಎರಡೂವರೆ ಗಂಟೆಗೂ ಮಿಕ್ಕಿ ಹೋರಾಟ ನಡೆದರೂ ತೀರ್ಮಾನವಾಗಲಿಲ್ಲ. ಕುಸ್ತಿಯಲ್ಲಿ ಅದು ಭದ್ರವಾದ ಕೋಟೆ. ಓಣಿಯಲ್ಲಿ ಶತ್ರುವಿಗೆ ಬೆನ್ನುಕೊಟ್ಟು ಬೋರಲಾಗಿ ಮಲಗಿದವನ ಗತಿಯನ್ನು ಬರೆದು ತಿಳಿಸಬೇಕಾಗಿಲ್ಲ. ಇದರಿಂದ ಆ ಮಲ್ಲರಿಬ್ಬರ ಯೋಗ್ಯತೆಗೆ ಕುಂದಿಲ್ಲ. ಅವರಿಬ್ಬರೂ ತಾವು ಒಪ್ಪಿಕೊಂಡ ಆಟವನ್ನು ಆಡಿದರು.

ಲಂಡನ್ನಿನ ಕಥೆಯಲ್ಲಿ ನಮಗೆ ಹೆಚ್ಚು ಮುಖ್ಯವೆಂದು ತೋರುವ ಭಾಗ ಪಂದ್ಯಗಳದ್ದಲ್ಲ. ಎಡಿತ್ ಗ್ಯಾರಡ್ ಎಂಬಾಕೆ 1872ರಲ್ಲಿ ಹುಟ್ಟಿದವಳು. ಐದಡಿಗೆ ಒಂದಂಗುಲ ಕಡಮೆ ಎತ್ತರ. ಗಂಡನೊಡನೆ ಉಯೆನಿಶಿಯ ಬಳಿ ಜುಜುತ್ಸು ಕಲಿತು, 1908ರಲ್ಲಿ ಆ ಶಾಲೆಯನ್ನೇ ದಂಪತಿಗಳು ವಹಿಸಿಕೊಂಡರು. ಆಗ ಇಂಗ್ಲೆಂಡಿನಲ್ಲಿ ಸ್ತ್ರೀಯರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಕಾಲ. ಸಭೆಗಳಲ್ಲಿ ಪುಂಡರು ಅವರನ್ನು ಎಳೆದಾಡುತ್ತಿದ್ದರು. 1910ರ ನವೆಂಬರ್ 18ರಂದು ಪಾರ್ಲಿಮೆಂಟಿನ ಕಡೆಗೆ ಹೊರಟ ಸುಮಾರು 300 ಮಂದಿ ಮಹಿಳೆಯರನ್ನು ಪೋಲೀಸರೂ ದಾರಿಹೋಕರೂ ಗಂಟೆಗಟ್ಟಲೆ ಹೊಡೆದು ಅವಮಾನಪಡಿಸಿದರು. ಆ ದಿನಕ್ಕೆ ಕರಾಳ ಶುಕ್ರವಾರವೆಂದು ಹೆಸರಾಯಿತು. ರಕ್ಷಿಸಬೇಕಾದ ಕೈಯೇ ಹೊಡೆಯುವಾಗ ಆತ್ಮರಕ್ಷಣೆ ವಿನೋದವಾಗಿ ಉಳಿಯುವುದಿಲ್ಲ. ಗ್ಯಾರಡ್ ಈ ಮಹಿಳೆಯರಿಗೆ ಜುಜುತ್ಸು ಕಲಿಸುತ್ತಿದ್ದಳು.

1913ರಲ್ಲಿ ಸರ್ಕಾರ ಹೊಸದೊಂದು ಕಾಯಿದೆಯನ್ನು ಮಾಡಿತು. ಸೆರೆಮನೆಯಲ್ಲಿ ಉಪವಾಸ ಹೂಡಿ ಸಾಯುವ ಸ್ಥಿತಿಗೆ ಬಂದವರನ್ನು ಬಿಡುಗಡೆ ಮಾಡಿ, ಚೇತರಿಸಿಕೊಂಡ ಕೂಡಲೇ ಮತ್ತೆ ಹಿಡಿಯುವುದು ಅದರ ಕ್ರಮ. ಬೆಕ್ಕು ಇಲಿಯನ್ನು ಆಡಿಸುವಂತಿದ್ದ ಈ ಕಾಯಿದೆಯಿಂದ ತಮ್ಮ ನಾಯಕಿ ಎಮ್ಮೆಲೀನ್ ಪ್ಯಾಂಕ್‌ಹರ್ಸ್ಟಳನ್ನು ಕಾಪಾಡಲು ಸುಮಾರು ಮೂವತ್ತು ಮಂದಿ ಮಹಿಳೆಯರ ಅಂಗರಕ್ಷಕ ದಳವು ಹುಟ್ಟಿಕೊಂಡಿತು. ಗ್ಯಾರಡಳ ಶಿಕ್ಷಣ ಅವರಿಗೆ ದೊರೆಯಿತು. ಉಡುಪಿನೊಳಗೆ ಬಚ್ಚಿಟ್ಟುಕೊಂಡ ಆಯುಧ ಯಾವುದೆಂದರೆ, ನಮ್ಮ ಗರಡಿಗಳ ಮುದ್ಗರ! ಬ್ರಿಟಿಷ್ ಸೈನಿಕರು ಭಾರತದಲ್ಲಿ ಕಂಡು ತಮ್ಮ ದೇಶಕ್ಕೆ ಕೊಂಡೊಯ್ದ ಈ ವ್ಯಾಯಾಮಸಾಧನವು ಅಲ್ಲಿನ ಶಾಲೆಗಳಲ್ಲಿಯೂ ವ್ಯಾಯಾಮಶಾಲೆಗಳಲ್ಲಿಯೂ ಹರಡಿ, ಕೊನೆಗೆ ಪೋಲೀಸರ ಲಾಠಿಗೆ ಉತ್ತರವಾಗಿ ಬಂದಿತು.

1914ರ ಮಾರ್ಚ್ 9ರಂದು ಗ್ಲಾಸ್ಗೋವಿನ ಸೇಂಟ್ ಆಂಡ್ರೂಸ್ ಸಭಾಂಗಣದಲ್ಲಿ ಈ ದಳಕ್ಕೂ ಪೋಲೀಸರಿಗೂ ಮುಖಾಮುಖಿ ಕಾಳಗವಾಯಿತು. ವೇದಿಕೆಯ ಅಂಚಿನ ಹೂಮಾಲೆಗಳೊಳಗೆ ಮುಳ್ಳುತಂತಿಯನ್ನು ಹುದುಗಿಸಿಟ್ಟಿದ್ದರು. ಸಾವಿರಾರು ಪ್ರೇಕ್ಷಕರ ಎದುರಿನಲ್ಲಿ ಮಹಿಳೆಯರು ಕೆಚ್ಚಿನಿಂದ ಹೋರಾಡಿದರು. ಆದರೂ ಪ್ಯಾಂಕ್‌ಹರ್ಸ್ಟಳನ್ನು ಪೋಲೀಸರು ಎಳೆದೊಯ್ದರು. ಇದಕ್ಕೆ ಒಂದು ತಿಂಗಳ ಹಿಂದೆ ಲಂಡನ್ನಿನಲ್ಲಿ ನಡೆದದ್ದು ಬೇರೆಯ ತೆರನಾದದ್ದು. ಆಕೆ ಉಪ್ಪರಿಗೆಯಿಂದ ಭಾಷಣಮಾಡಿದ ಮೇಲೆ ಮುಸುಕು ಹಾಕಿದ ಹೆಂಗಸೊಬ್ಬಳು ಅಂಗರಕ್ಷಕರ ನಡುವೆ ಹೊರಬಂದಳು. ಪೋಲೀಸರು ಮೇಲೆಬಿದ್ದು ಹಿಡಿದರು. ಮುಸುಕು ತೆಗೆದು ನೋಡಿದರೆ ಆಕೆ ಬೇರೊಬ್ಬಳು. ನಿಜವಾದ ನಾಯಕಿ ಅಷ್ಟರಲ್ಲಿ ಪಾರಾಗಿದ್ದಳು. ಪೋಲೀಸರ ಸಂಖ್ಯೆಯನ್ನೂ ತೂಕವನ್ನೂ ಜುಜುತ್ಸು ಗೆಲ್ಲಲಾರದೆ ಹೋಯಿತು. ಗೆದ್ದದ್ದು ಮುಸುಕು, ಪಟ್ಟುಗಳು ಮುಸುಕಿಗೆ ಬೇಕಾದ ಕೆಲವು ನಿಮಿಷಗಳನ್ನು ಸಂಪಾದಿಸಿಕೊಟ್ಟುವು. ಅಷ್ಟು ಸಂಪಾದಿಸಿಕೊಡುವುದೇ ಅವುಗಳ ಯೋಗ್ಯವಾದ ಕೆಲಸವೆಂದು ನಾವು ತಿಳಿಯುತ್ತೇವೆ. ಗ್ಯಾರಡ್ ತೊಂಬತ್ತೊಂಬತ್ತು ವರ್ಷ ಬಾಳಿ 1971ರಲ್ಲಿ ತೀರಿಕೊಂಡಳು.

ಇನ್ನು ಶಾಂಘೈ. ಚೀನದ ಈ ರೇವುಪಟ್ಟಣದಲ್ಲಿ ವಿದೇಶೀಯರ ವಸಾಹತಿಗೆ ಪ್ರತ್ಯೇಕವಾದ ಪೋಲೀಸುದಳವಿತ್ತು. ಆಂಗ್ಲರು, ಚೀನೀಯರು, ನಮ್ಮ ದೇಶದ ಸಿಖ್ಖರು ಅದರಲ್ಲಿದ್ದರು. ವಿಲಿಯಂ ಫೇರ್‌ಬೆರ್ನ್ ಎಂಬ ಇಂಗ್ಲಿಷನು 1907ರಲ್ಲಿ ಇದನ್ನು ಸೇರಿದನು. ಬಂದೂಕು ಚೂರಿಗಳು ಧಾರಾಳವಾಗಿ ಓಡಾಡುತ್ತಿದ್ದ ಊರು. ಕಾನ್‌ಸ್ಟೇಬಲನು ಸಂಜೆ ಗಸ್ತಿಗೆ ಹೋದರೆ ಮರಳುವನೆಂಬ ಭರವಸೆಯಿರಲಿಲ್ಲ. ಫೇರ್‌ಬೆರ್ನನು ಅಲ್ಲಿದ್ದ ಜಪಾನೀ ಆಚಾರ್ಯನೊಬ್ಬನಿಂದ ಜುಜುತ್ಸು ಕಲಿತನು. ಕೊಡೋಕಾನಿನಿಂದ ಜೂಡೋವಿನ ಪದವಿಯನ್ನೂ ಪಡೆದನು. ಚೀನೀಯರ ಮುಷ್ಟಿವಿದ್ಯೆಯನ್ನೂ ನೋಡಿದನು. 1926ರಲ್ಲಿ ತನ್ನ ಪದ್ಧತಿಯನ್ನು ಡಿಫೆಂಡು ಎಂಬ ಹೆಸರಿನ ಪುಸ್ತಕವಾಗಿ ಪ್ರಕಟಿಸಿದನು. ಅದರ ಹಿಂದಿನ ವರ್ಷ, 1925ರ ಮೇ 30ರಂದು, ನಾನ್‌ಕಿಂಗ್ ರಸ್ತೆಯಲ್ಲಿ ಇದೇ ಪೋಲೀಸರು ಜನರ ಗುಂಪಿನ ಮೇಲೆ ಗುಂಡು ಹಾರಿಸಿ ಚೀನವನ್ನೆಲ್ಲ ಕೆರಳಿಸಿದ್ದರು. ಗುಂಡಿಲ್ಲದೆ ಗುಂಪನ್ನು ಎದುರಿಸಬಲ್ಲ ದಳವೊಂದನ್ನು ತಯಾರಿಸುವ ಹೊಣೆ ಫೇರ್‌ಬೆರ್ನನಿಗೆ ಬಂದಿತು. ಪರರ ನೆಲದಲ್ಲಿ ಪರರ ಮೇಲೆ ಅಧಿಕಾರ ನಡೆಸುವವರ ಆತ್ಮರಕ್ಷಣೆಯೆಂಬ ಮಾತಿನಲ್ಲಿ ಒಂದು ವಿಪರ್ಯಾಸವುಂಟೆಂಬುದನ್ನು ಇಲ್ಲಿ ಹೇಳದಿರಲಾಗದು.

1940ರಲ್ಲಿ ಅವನು ಸ್ವದೇಶಕ್ಕೆ ಹಿಂದಿರುಗಿ ಯುದ್ಧಕಾಲದ ವಿಶೇಷ ಸೈನಿಕರಿಗೆ ಶಿಕ್ಷಕನಾದನು. ಈಗ ಶಿಷ್ಯರಿಗೆ ಕಾಲವಿಲ್ಲ. ಕಾನೋವಿನ ಶಿಷ್ಯನಿಗೆ ವರ್ಷಗಳಿದ್ದುವು. ಇವನ ಶಿಷ್ಯರಿಗೆ ಕೆಲವು ವಾರಗಳು, ಎಷ್ಟೋ ಸಲ ಕೆಲವು ದಿನಗಳು. ಆದ ಕಾರಣ ಫೇರ್‌ಬೆರ್ನನು ಜೂಡೋವಿನ ಸೂಕ್ಷ್ಮವಾದ ಪಟ್ಟುಗಳನ್ನೆಲ್ಲ ಬದಿಗಿಟ್ಟನು. ಅಂಗೈಯ ಬುಡದಿಂದ ಗಲ್ಲಕ್ಕೆ ಕೆಳಗಿನಿಂದ ಹೊಡೆಯುವುದು, ಅಂಗೈಯ ಅಂಚಿನಿಂದ ಕತ್ತಿಗೆ ಹೊಡೆಯುವುದು, ಮೊಣಕಾಲು, ಬೂಟಿನ ಅಂಚು, ಹೀಗೆ ಹೆದರಿದ ಮನುಷ್ಯನಿಗೂ ಮರೆಯದಂತಹ ಕೆಲವನ್ನೇ ಉಳಿಸಿಕೊಂಡನು. 1942ರಲ್ಲಿ ಇದು ಪುಸ್ತಕವಾಗಿ ಬಂದಿತು. ಮೇಲ್ನೋಟಕ್ಕೆ ಇದು ಕಾನೋವಿನ ದಾರಿಗೆ ವಿರುದ್ಧ. ಅವನು ಬಿಟ್ಟ ಘೋರಪ್ರಯೋಗಗಳನ್ನೇ ಇವನು ಎತ್ತಿಕೊಂಡನು. ಆದರೆ ಭಯದಿಂದ ಕೈ ನಡುಗಿ ಉಸಿರು ಮೇಲಕ್ಕೇರಿದಾಗ ಬೆರಳುಗಳ ನಾಜೂಕು ಕೆಲಸ ನಡೆಯುವುದಿಲ್ಲ, ತೋಳಿನ ಒರಟು ಚಲನೆ ಮಾತ್ರ ಉಳಿಯುತ್ತದೆ ಎಂಬುದನ್ನು ಅವನು ಶಾಂಘೈಯ ಓಣಿಗಳಲ್ಲಿ ಕಂಡಿದ್ದನು. ಅಭ್ಯಾಸಕ್ಕೆ ಎಷ್ಟು ಕಾಲವಿದೆಯೆಂಬುದನ್ನು ಕೇಳದೆ ವಿದ್ಯೆಯನ್ನು ಆರಿಸಲಾಗದೆಂಬುದರಲ್ಲಿ ಇಬ್ಬರೂ ಒಂದೇ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1904ರಲ್ಲಿ ಜಪಾನು ಬಿಟ್ಟ ಕೊಡೋಕಾನಿನ ಮಯೆದಾ ಎಂಬಾತನು ಬ್ರೆಝಿಲಿನಲ್ಲಿ ನೆಲೆಸಿ ಗ್ರೇಸಿ ಮನೆತನದವರಿಗೆ ವಿದ್ಯೆ ಕಲಿಸಿದನು. ಆ ಮನೆತನದ ರಾಯ್ಸ್ ಗ್ರೇಸಿ 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರಿನಲ್ಲಿ, ನಾನಾ ವಿದ್ಯೆಗಳ ಎಂಟು ಮಂದಿ ಸೇರಿದ ಪಂದ್ಯದಲ್ಲಿ ಒಂದೇ ರಾತ್ರಿ ಮೂವರನ್ನು ಸೋಲಿಸಿದನು. ಕಣ್ಣು ಚುಚ್ಚುವುದೂ ಕಚ್ಚುವುದೂ ಹೊರತು ನಿಯಮಗಳು ಅಲ್ಪವಾಗಿದ್ದುವು. ಕೊನೆಯ ಎದುರಾಳಿ ನಿಯಮ ಮೀರಿ ಅವನ ಕಿವಿಯನ್ನು ಕಚ್ಚಿದನು, ಕಚ್ಚಿಯೂ ಸೋತನು. ಹೆಣಗಾಟದ ಅಭ್ಯಾಸವಿಲ್ಲದವನಿಗೆ ಕೊಳಕು ಉಪಾಯಗಳು ಒದಗುವುದಿಲ್ಲವೆಂಬ ಕಾನೋವಿನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಆದರೆ ಅಂದು ಗ್ರೇಸಿ ಎದುರಾಳಿಯೊಡನೆ ನೆಲದ ಮೇಲೆ ನಿಶ್ಚಿಂತನಾಗಿ ಮಲಗಿದ್ದುದು ಬೇಲಿಯೊಳಗೆ. ಎದುರಾಳಿಯ ಸ್ನೇಹಿತರು ಬೇಲಿಯ ಹೊರಗಿದ್ದರು.

ನಮ್ಮ ನಾಡಿನ ಐತಿಹ್ಯವೊಂದನ್ನು ಇಲ್ಲಿ ನೆನೆಯಬಹುದು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕಿಂಡಿಯಲ್ಲಿ ನುಸುಳುತ್ತಿದ್ದಾಗ ಓಬವ್ವ ಒನಕೆಯಿಂದ ಅವರನ್ನು ಒಬ್ಬೊಬ್ಬರಾಗಿ ಬಡಿದಳೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಅದರಲ್ಲಿ ಶೌರ್ಯವನ್ನು ಮಾತ್ರ ಕಾಣುವುದು ನಮ್ಮ ರೂಢಿ. ಸಾಧನವನ್ನೂ ಸ್ಥಳವನ್ನೂ ನೋಡಿರಿ. ಒನಕೆ ಆಕೆಯ ಕೈಗೆ ದಿನವೂ ಬರುತ್ತಿದ್ದ ವಸ್ತು. ಎತ್ತಿ ಕೆಳಗಿಳಿಸುವ ಆ ಒಂದೇ ಚಲನೆಯನ್ನು ತೋಳುಗಳು ವರ್ಷಗಟ್ಟಲೆ ಭತ್ತದ ಮೇಲೆ ಅಭ್ಯಾಸ ಮಾಡಿದ್ದುವು. ಕಿಂಡಿಯೋ, ಒಂದು ಸಲಕ್ಕೆ ಒಂದೇ ತಲೆ ತೂರುವಷ್ಟು ಇಕ್ಕಟ್ಟು. ಬಾರ್ಟನ್-ರೈಟನು ಹೇಳಿದ ದೂರದ ಲೆಕ್ಕವೂ ಫೇರ್‌ಬೆರ್ನನ ಒಂದೇ ಒರಟು ಚಲನೆಯೂ ಅಲ್ಲಿ ಕೂಡಿಬಂದಿವೆ. ಬಯಲಿನಲ್ಲಾಗಿದ್ದರೆ ಕಥೆ ಬೇರೆಯಾಗುತ್ತಿತ್ತು.

ಈಚೆಗೆ ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕರಾಟೆಯೇ ಮೊದಲಾದ ವಿದ್ಯೆಗಳನ್ನು ಕಲಿಸುವುದು ಕಾಣುತ್ತಿದೆ. ಒಳ್ಳೆಯ ಕೆಲಸ. ಆದರೆ ಮೈದಾನದಲ್ಲಿ ಸಾಲಾಗಿ ನಿಂತು ಗಾಳಿಗೆ ಗುದ್ದಿ, ವಾರ್ಷಿಕೋತ್ಸವದಲ್ಲಿ ಹಂಚು ಒಡೆದು ತೋರಿಸಿ ಮುಗಿಸಿದರೆ ಅದು ಹಳೆಯ ಜುಜುತ್ಸುವಿನ ನಾಟ್ಯವೇ ಆಯಿತು. ಮಗುವಿನ ಮಣಿಕಟ್ಟನ್ನು ನಿಜವಾಗಿ ಬಿಗಿಯಾಗಿ ಹಿಡಿದು, ಬಿಡಿಸಿಕೋ ಎಂದು ಹೇಳುವವರೊಬ್ಬರು ಬೇಕು. ಹಿಡಿಯುವವನು ಅಪರಿಚಿತನೇ ಆಗಿರುವನೆಂಬ ಕಲ್ಪನೆಯನ್ನೂ ಬಿಡಬೇಕು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 893 ಮಂದಿ ವಿದ್ಯಾರ್ಥಿನಿಯರು ಭಾಗವಹಿಸಿದ್ದರು. ಅರ್ಧದಷ್ಟು ಮಂದಿಗೆ ಮೂರು ಮೂರು ಗಂಟೆಗಳ ನಾಲ್ಕು ಪಾಠಗಳು. ಉಳಿದವರಿಗೆ ಓದಿಕೊಳ್ಳಲು ಕೈಪತ್ರಗಳು. ಒಂದು ವರ್ಷದೊಳಗೆ ಬಲಾತ್ಕಾರಕ್ಕೆ ಗುರಿಯಾದವರು ಕೈಪತ್ರದವರಲ್ಲಿ ನೂರಕ್ಕೆ 9.8, ಪಾಠ ಕೇಳಿದವರಲ್ಲಿ 5.2. ಆ ಪಾಠಗಳಲ್ಲಿ ಕೈಕಾಲಿನ ಪೆಟ್ಟುಗಳಿಗೆ ಸಲ್ಲುತ್ತಿದ್ದುದು ಒಂದು ಪಾಲು ಮಾತ್ರ. ಅಪಾಯವನ್ನು ಮೊದಲೇ ಗುರುತಿಸುವುದು ಹೇಗೆ, ಪರಿಚಿತನೊಬ್ಬನು ಮೇರೆ ಮೀರಿದಾಗ ದಾಕ್ಷಿಣ್ಯವು ಬಾಯನ್ನು ಕಟ್ಟುವುದೇಕೆ, ಆ ದಾಕ್ಷಿಣ್ಯವನ್ನು ಮುರಿದು ಕೂಗುವುದು ಹೇಗೆ ಎಂಬುದಕ್ಕೆ ಉಳಿದ ಹೊತ್ತಿನಲ್ಲಿ ಹೆಚ್ಚಿನ ಭಾಗವನ್ನು ಕೊಟ್ಟಿದ್ದರು.